ಇಂಪ್ರೆಷನಿಸ್ಟ್ ನಿಸರ್ಗಚಿತ್ರಗಳಲ್ಲಿ ಬೆಳಕು, ಗಾಳಿ ಮತ್ತು ಮನುಷ್ಯ

1874ರ ಏಪ್ರಿಲ್ 15ರಂದು ಪ್ಯಾರಿಸ್ ನಗರದಲ್ಲಿ ಒಂದು ಚಿತ್ರಪ್ರದರ್ಶನ ಆರಂಭವಾಯಿತು. ಹೆಸರಾಂತ ಛಾಯಾಗ್ರಾಹಕ ನದಾರ್ ತೆರವು ಮಾಡಿದ್ದ ಸ್ಟುಡಿಯೋ ಅದರ ಸ್ಥಳ. ಸರ್ಕಾರಿ ಮನ್ನಣೆಯ 'ಸಲೋನ್' ಪ್ರದರ್ಶನದ ತೀರ್ಪುಗಾರರನ್ನು ನೆಚ್ಚಿಕೊಳ್ಳದೆ ಸುಮಾರು 30 ಕಲಾವಿದರು ತಾವೇ ಸಂಘ ಕಟ್ಟಿಕೊಂಡು ಅದನ್ನು ಏರ್ಪಡಿಸಿದ್ದರು. ಕ್ಲೋಡ್ ಮೋನೆ, ಕಮೀಲ್ ಪಿಸಾರೊ, ರೆನ್ವಾರ್, ಸಿಸ್ಲಿ, ದೆಗಾ, ಬರ್ತ್ ಮೊರಿಸೊ ಇವರಲ್ಲಿ ಕೆಲವರು. ಮೋನೆಯ ಒಂದು ಚಿತ್ರದ ಹೆಸರು 'ಇಂಪ್ರೆಷನ್, ಸೂರ್ಯೋದಯ'. ಲೂಯಿ ಲರ್ವಾ ಎಂಬ ವಿಮರ್ಶಕ ಈ ಹೆಸರನ್ನೇ ಹಿಡಿದು ಒಂದು ವಿನೋದ ಪತ್ರಿಕೆಯಲ್ಲಿ ಇಡೀ ಗುಂಪನ್ನು 'ಇಂಪ್ರೆಷನಿಸ್ಟರು' ಎಂದು ಗೇಲಿ ಮಾಡಿದ. ಗೇಲಿಯ ಹೆಸರೇ ನಿಂತಿತು. 1886ರವರೆಗೆ ಇಂಥ ಎಂಟು ಪ್ರದರ್ಶನಗಳು ನಡೆದವು.

ಆ ಸೂರ್ಯೋದಯದ ಚಿತ್ರದಲ್ಲಿ ಇರುವುದೇನು? ಫ್ರಾನ್ಸಿನ ಉತ್ತರ ಕರಾವಳಿಯ ಲ ಆವ್ರ್ ಬಂದರು. ನೀಲಿ-ಬೂದು ಮಂಜಿನಲ್ಲಿ ಕಿತ್ತಳೆ ಬಣ್ಣದ ಒಂದು ಪುಟ್ಟ ಸೂರ್ಯ, ನೀರಿನ ಮೇಲೆ ಅದರ ತುಂಡುತುಂಡಾದ ಬಿಂಬ. ಮುಂದೆ ಎರಡು ಮೂರು ದೋಣಿಗಳು, ಅವುಗಳಲ್ಲಿ ನಾಲ್ಕಾರು ಕುಂಚದೆಳೆಗಳಲ್ಲಿ ಮೂಡಿದ ಮನುಷ್ಯರು. ಹಿಂದೆ ಹಡಗಿನ ಕಂಬಗಳು, ಕ್ರೇನುಗಳು, ಹೊಗೆ ಉಗುಳುವ ಚಿಮಣಿಗಳು. ಇದನ್ನು ನಿಸರ್ಗಚಿತ್ರವೆಂದು ಕರೆಯುವುದು ವಾಡಿಕೆ. ಆದರೆ ಇದರಲ್ಲಿ ಮನುಷ್ಯನ ಕೈ ಸೋಕದ ನಿಸರ್ಗ ಎಲ್ಲಿದೆ? ಆ ಮಂಜಿನಲ್ಲೂ ಕಲ್ಲಿದ್ದಲ ಹೊಗೆ ಬೆರೆತಿದೆ. ಇಂಪ್ರೆಷನಿಸ್ಟರು ವಸ್ತುಗಳನ್ನು ಬಿಟ್ಟು, ವಸ್ತುಗಳಿಂದ ಹೊರಟು ಗಾಳಿಯನ್ನು ಹಾದು ಕಣ್ಣಿಗೆ ಬಂದ ಬೆಳಕನ್ನು ಚಿತ್ರಿಸಿದರು. ಆ ದಾರಿಯುದ್ದಕ್ಕೂ ಮನುಷ್ಯ ಇದ್ದಾನೆ. ಹಾಗಾಗಿ ಈ ಚಿತ್ರಗಳು ಕಲೆಯ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ವಿಜ್ಞಾನದ ವಿದ್ಯಾರ್ಥಿಗಳಿಗೂ ಪಾಠವಾಗಬಲ್ಲವು.

ಟ್ಯೂಬಿಗೆ ಸೇರಿದ ಬಣ್ಣ

ಬಯಲಿನಲ್ಲಿ ಕುಳಿತು ಬಣ್ಣದಲ್ಲಿ ಚಿತ್ರ ಬಿಡಿಸುವುದು ಇವರಿಗಿಂತ ಹಿಂದೆಯೂ ಇತ್ತು. ಆದರೆ ಅವು ಬಹುಮಟ್ಟಿಗೆ ಚಿಕ್ಕ ಅಭ್ಯಾಸಚಿತ್ರಗಳು; ದೊಡ್ಡ ಚಿತ್ರ ಸಿದ್ಧವಾಗುತ್ತಿದ್ದುದು ಕೋಣೆಯೊಳಗೆ. ವರ್ಣದ್ರವ್ಯದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು, ಹಂದಿಯ ಮೂತ್ರಕೋಶದ ಚೀಲಗಳಲ್ಲಿ ತುಂಬಿ ಕಟ್ಟಿಡುತ್ತಿದ್ದರು. ಚೀಲ ಚುಚ್ಚಿ ಬಣ್ಣ ಹಿಂಡಿದ ಮೇಲೆ ತೂತು ಮುಚ್ಚುವುದು ಕಷ್ಟ. ಗಾಳಿ ತಗುಲಿ ಎಣ್ಣೆ ಆಕ್ಸಿಜನ್ನಿನೊಡನೆ ವರ್ತಿಸಿ ಬಣ್ಣ ಗಟ್ಟಿಯಾಗುತ್ತಿತ್ತು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ತವರದ ತೆಳು ಟ್ಯೂಬಿಗೆ ಪೇಟೆಂಟ್ ಪಡೆದ. ಹಿಂಡಿದಷ್ಟೂ ಮುದುಡುವ, ತಿರುಪು ಮುಚ್ಚಳವಿರುವ ಈ ಟ್ಯೂಬು ಬಣ್ಣವನ್ನು ತಿಂಗಳುಗಟ್ಟಲೆ ಕಾಪಾಡಿತು. ಇಂದು ನಾವು ಹಲ್ಲುಜ್ಜುವ ಪೇಸ್ಟಿನ ಟ್ಯೂಬು ಅದರ ವಂಶಕ್ಕೆ ಸೇರಿದ್ದೇ.

ಟ್ಯೂಬಿನೊಳಗಿನ ಬಣ್ಣಗಳೂ ಹೊಸವು. 1797ರಲ್ಲಿ ಫ್ರೆಂಚ್ ರಸಾಯನವಿಜ್ಞಾನಿ ವೋಕ್ಲಾಂ ಕ್ರೋಮಿಯಂ ಧಾತುವನ್ನು ಪತ್ತೆಮಾಡಿದ. ಅದರ ಸಂಯುಕ್ತಗಳಿಂದ ಕ್ರೋಮ್ ಹಳದಿ ಬಂತು, ಮುಂದೆ ವಿರಿಡಿಯನ್ ಎಂಬ ಹಸಿರೂ ಬಂತು. 1817ರಲ್ಲಿ ಪತ್ತೆಯಾದ ಕ್ಯಾಡ್ಮಿಯಂನಿಂದ ಕ್ಯಾಡ್ಮಿಯಂ ಹಳದಿ ದೊರೆಯಿತು. 1802ರಲ್ಲಿ ತೆನಾರ್ ಕೋಬಾಲ್ಟ್ ನೀಲಿಯನ್ನು ತಯಾರಿಸಿದ್ದ. ಅಫ್ಘಾನಿಸ್ತಾನದ ಗಣಿಗಳಿಂದ ಬರುತ್ತಿದ್ದ ನೀಲಿಕಲ್ಲನ್ನು ಅರೆದು ಪಡೆಯುವ ಅಲ್ಟ್ರಾಮರೀನ್ ನೀಲಿ ಚಿನ್ನದಷ್ಟು ದುಬಾರಿಯಾಗಿತ್ತು. 1820ರ ದಶಕದ ಕೊನೆಗೆ ಅದನ್ನು ಕಾರ್ಖಾನೆಯಲ್ಲೇ ತಯಾರಿಸುವ ವಿಧಾನ ಸಿದ್ಧವಾಗಿ ಬೆಲೆ ಇಳಿಯಿತು. ಹಿಂದೆ ದೇವಮಾತೆಯ ಉಡುಪಿಗೆಂದು ಮೀಸಲಿಡುತ್ತಿದ್ದ ನೀಲಿಯನ್ನು ಹಿಮದ ಮೇಲಿನ ನೆರಳಿಗೆ ಬಳಿಯುವುದು ಆಗ ಸಾಧ್ಯವಾಯಿತು. ಚಿತ್ರಕಾರರನ್ನು ಬಯಲಿಗೆ ಒಯ್ಯಲು ರೈಲೂ ಬಂದಿತ್ತು. 1851ರಲ್ಲಿ ರೈಲು ಕಂಡ ಅರ್ಜಾಂತೈ ಪ್ಯಾರಿಸ್‌ಗೆ ಹತ್ತಿರದ ಊರು. ಮೋನೆ ಅಲ್ಲಿ 1871ರಿಂದ 1878ರವರೆಗೆ ವಾಸವಾಗಿದ್ದ.

ನೆರಳು ಕಪ್ಪಲ್ಲ

1868-69ರ ಚಳಿಗಾಲದಲ್ಲಿ ಮೋನೆ ಬಿಡಿಸಿದ 'ಮ್ಯಾಗ್‌ಪೈ ಹಕ್ಕಿ' ಎಂಬ ಚಿತ್ರದಲ್ಲಿ ಹಿಮ ಮುಚ್ಚಿದ ಹೊಲ, ಒಂದು ಬೇಲಿ, ಬೇಲಿಯ ಗೇಟಿನ ಮೇಲೆ ಕುಳಿತ ಒಂದು ಹಕ್ಕಿ ಇವೆ. ಬೇಲಿಯ ನೆರಳು ಹಿಮದ ಮೇಲೆ ನೀಲಿಯಾಗಿ ಬಿದ್ದಿದೆ. 1869ರ ಸಲೋನ್ ಈ ಚಿತ್ರವನ್ನು ತಿರಸ್ಕರಿಸಿತು. ನೆರಳೆಂದರೆ ಕಂದು ಇಲ್ಲವೆ ಕಪ್ಪು ಎಂದು ಬಗೆದಿದ್ದವರ ಕಣ್ಣಿಗೆ ಈ ನೀಲಿ ಒಗ್ಗುವಂತಿರಲಿಲ್ಲ.

ಆದರೆ ನೀಲಿ ನೆರಳು ಭೌತವಿಜ್ಞಾನಕ್ಕೆ ಒಪ್ಪುವಂಥದ್ದು. ಬಿಸಿಲು ಬಿದ್ದ ಜಾಗಕ್ಕೆ ಎರಡು ಬೆಳಕು ಬರುತ್ತವೆ: ಒಂದು ಸೂರ್ಯನಿಂದ ನೇರವಾಗಿ, ಇನ್ನೊಂದು ಆಕಾಶದಿಂದ. ನೆರಳಿನಲ್ಲಿ ಮೊದಲನೆಯದು ತಡೆಯಲ್ಪಟ್ಟು ಎರಡನೆಯದು ಮಾತ್ರ ಉಳಿಯುತ್ತದೆ. ಆಕಾಶದ ಬೆಳಕು ನೀಲಿ. ಆದ್ದರಿಂದ ಬಿಳಿಯ ಹಿಮದ ಮೇಲಿನ ನೆರಳೂ ನೀಲಿ. ಆಕಾಶವೇಕೆ ನೀಲಿ ಎಂಬುದಕ್ಕೆ ಲಾರ್ಡ್ ರ‍್ಯಾಲೆ ಗಣಿತಬದ್ಧ ವಿವರಣೆ ಕೊಟ್ಟಿದ್ದು 1871ರಲ್ಲಿ. ಬೆಳಕಿನ ತರಂಗದೂರಕ್ಕಿಂತ ಬಹಳ ಚಿಕ್ಕದಾದ ಕಣಗಳು ಬೆಳಕನ್ನು ಚದರಿಸುವ ಪ್ರಮಾಣವು ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. 450 ನ್ಯಾನೊಮೀಟರಿನ ನೀಲಿ ಬೆಳಕು 650 ನ್ಯಾನೊಮೀಟರಿನ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದರುತ್ತದೆ. ಮೋನೆ ಹಿಮದ ಮೇಲೆ ಕಂಡಿದ್ದಕ್ಕೆ ರ‍್ಯಾಲೆಯ ಸೂತ್ರ ಎರಡು ವರ್ಷ ಆದಮೇಲೆ ಬಂತು!

ಹಾಗಾದರೆ ನಮಗೆಲ್ಲ ನೆರಳು ನೀಲಿಯಾಗಿ ಏಕೆ ಕಾಣುವುದಿಲ್ಲ? ನಮ್ಮ ಮಿದುಳು ಬೆಳಕಿನ ಬಣ್ಣವನ್ನು ಕಳೆದು ವಸ್ತುವಿನ ಬಣ್ಣವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬಿಳಿ ಹಾಳೆ ಬಿಸಿಲಿನಲ್ಲೂ ದೀಪದಡಿಯಲ್ಲೂ ನಮಗೆ ಬಿಳಿಯೇ. ಬದುಕಿಗೆ ಇದು ಉಪಯುಕ್ತ ಗುಣ. ಚಿತ್ರಕಾರನಿಗೆ ಇದೇ ಅಡ್ಡಿ. ಇಂಪ್ರೆಷನಿಸ್ಟರು ಈ ಅಭ್ಯಾಸವನ್ನು ಮೀರಿ, ಬಂದ ಬೆಳಕನ್ನು ಬಂದ ಹಾಗೆಯೇ ನೋಡಲು ಪಳಗಿದರು.

ಬಣ್ಣಗಳ ಅಕ್ಕಪಕ್ಕದ ಸಂಬಂಧವೂ ಅವರಿಗೆ ನೆರವಾಯಿತು. ಪ್ಯಾರಿಸ್‌ನ ಗೋಬ್ಲಾಂ ಎಂಬ ಚಿತ್ರಪರದೆ ನೇಯುವ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ 1824ರಲ್ಲಿ ಮಿಶೆಲ್ ಷೆವ್ರಲ್ ಮುಖ್ಯಸ್ಥನಾಗಿ ಬಂದ. ಕೊಬ್ಬುಗಳ ರಸಾಯನದಲ್ಲಿ ಆತ ದೊಡ್ಡ ಹೆಸರು. ನೀಲಿ, ನೇರಳೆ ಬಟ್ಟೆಗಳ ಮಡಿಕೆಗಳಿಗೆ ಬಳಸುವ ಕಪ್ಪು ನೂಲು ಮಂಕಾಗಿದೆ ಎಂಬ ದೂರು ಆತನ ಮುಂದೆ ಬಂತು. ನೂಲನ್ನು ಬೇರೆಡೆಯ ಒಳ್ಳೆಯ ಕಪ್ಪು ನೂಲುಗಳೊಡನೆ ಹೋಲಿಸಿದಾಗ ದೋಷವೇ ಕಾಣಲಿಲ್ಲ. ತೊಂದರೆ ಇದ್ದುದು ನೂಲಿನ ಬಣ್ಣದಲ್ಲಲ್ಲ, ಅದರ ನೆರೆಯ ಬಣ್ಣದಲ್ಲಿ! ಪ್ರತಿಯೊಂದು ಬಣ್ಣವೂ ತನ್ನ ಪಕ್ಕದ ಬಣ್ಣವನ್ನು ತನ್ನ ಪೂರಕವರ್ಣದ ಕಡೆಗೆ ವಾಲಿಸಿ ತೋರಿಸುತ್ತದೆ ಎಂದು ಷೆವ್ರಲ್ 1839ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ. ಕಿತ್ತಳೆಯ ಪಕ್ಕದಲ್ಲಿ ನೀಲಿ ಇನ್ನಷ್ಟು ನೀಲಿ, ಕೆಂಪಿನ ಪಕ್ಕದಲ್ಲಿ ಹಸಿರು ಇನ್ನಷ್ಟು ಹಸಿರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಪ್ರೆಷನಿಸ್ಟರು ಹಳದಿ ಮತ್ತು ನೀಲಿ ಚುಕ್ಕೆಗಳನ್ನು ಅಕ್ಕಪಕ್ಕ ಇಟ್ಟು, ದೂರದಿಂದ ಅವು ಹಸಿರಾಗಿ ಕಾಣುವಂತೆ ಮಾಡಿದರು ಎಂದು ಕೆಲವೊಮ್ಮೆ ಬರೆಯುವುದುಂಟು. ಹಾಗೆ ಆಗುವುದಿಲ್ಲ. ಹಳದಿ, ನೀಲಿ ಬಣ್ಣಗಳನ್ನು ತಟ್ಟೆಯಲ್ಲಿ ಕಲಸಿದರೆ ಹಸಿರು ಬರುತ್ತದೆ; ಚುಕ್ಕೆಗಳಿಂದ ಬರುವ ಬೆಳಕು ಕಣ್ಣಿನಲ್ಲಿ ಬೆರೆತರೆ ಹೆಚ್ಚುಕಡಿಮೆ ಬೂದು ಬರುತ್ತದೆ. ಮೋನೆಯ ಹುಲ್ಲುಗಾವಲಿನಲ್ಲಿ ಹಸಿರು ಬಣ್ಣವೇ ಇದೆ. ಅವನ ಕುಂಚದೆಳೆಗಳು ಪೂರ್ತಿ ಬೆರೆತುಹೋಗುವಷ್ಟು ಚಿಕ್ಕವೂ ಅಲ್ಲ. ಚುಕ್ಕೆಗಳ ವಿಧಾನವನ್ನು ಶಾಸ್ತ್ರೀಯವಾಗಿ ಅನುಸರಿಸಿದವನು ಜಾರ್ಜ್ ಸೆರಾ. ಅವನ ದೊಡ್ಡ ಚಿತ್ರ 1886ರ ಕೊನೆಯ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು.

ಕಪ್ಪು-ಬಿಳುಪಿನಲ್ಲಿ ಮರೆಯಾಗುವ ಸೂರ್ಯ

ಬೆಳಕನ್ನು ಬಣ್ಣದಲ್ಲಿ ತೋರಿಸುವುದಕ್ಕೆ ಒಂದು ಮೂಲಭೂತ ತೊಡಕಿದೆ. ಬಿಳಿಯ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇಕಡ 90ರಷ್ಟನ್ನು ಪ್ರತಿಫಲಿಸಿದರೆ, ಕಪ್ಪು ಬಣ್ಣ ಶೇಕಡ 3ರಷ್ಟನ್ನಾದರೂ ಪ್ರತಿಫಲಿಸುತ್ತದೆ. ಎಂದರೆ ಚಿತ್ರಪಟದ ಅತಿ ಬೆಳಕಿಗೂ ಅತಿ ಕತ್ತಲೆಗೂ ಸುಮಾರು 30 ಪಟ್ಟು ಅಂತರ. ಬಯಲಿನಲ್ಲಿ ಈ ಅಂತರ ಸಾವಿರಾರು ಪಟ್ಟು. ಸೂರ್ಯನೇ ದೃಶ್ಯದಲ್ಲಿದ್ದರೆ ಇನ್ನೂ ಅದೆಷ್ಟೋ ಹೆಚ್ಚು. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1870ರ ದಶಕದ ಆರಂಭದಲ್ಲಿ ಬೆಳಕಿನ ವಿಜ್ಞಾನ ಮತ್ತು ಚಿತ್ರಕಲೆ ಕುರಿತ ಉಪನ್ಯಾಸಗಳಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದ.

'ಇಂಪ್ರೆಷನ್, ಸೂರ್ಯೋದಯ'ದಲ್ಲಿ ಮೋನೆ ಕಂಡುಕೊಂಡ ದಾರಿ ವಿಸ್ಮಯಕರ. ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಅವರು ಇದನ್ನು ಗುರುತಿಸಿ, ದೃಷ್ಟಿ ಮತ್ತು ಕಲೆ ಕುರಿತ ತಮ್ಮ 2002ರ ಪುಸ್ತಕದಲ್ಲಿ ವಿವರಿಸಿದ್ದಾರೆ. ಚಿತ್ರದ ಪ್ರತಿಯನ್ನು ಕಪ್ಪು-ಬಿಳುಪಿಗೆ ಬದಲಾಯಿಸಿ ನೋಡಿ. ಸೂರ್ಯ ಬಹುತೇಕ ಮರೆಯಾಗುತ್ತಾನೆ! ಸುತ್ತಲಿನ ಬೂದು ಆಕಾಶಕ್ಕೂ ಆ ಕಿತ್ತಳೆ ಬಿಲ್ಲೆಗೂ ಉಜ್ವಲತೆ ಹೆಚ್ಚುಕಡಿಮೆ ಒಂದೇ. ಬೇರೆಯಾಗಿರುವುದು ಬಣ್ಣ ಮಾತ್ರ. ನಮ್ಮ ಮಿದುಳಿನಲ್ಲಿ ಸ್ಥಾನ ಮತ್ತು ಚಲನೆಯನ್ನು ಗ್ರಹಿಸುವ ವ್ಯವಸ್ಥೆ ಉಜ್ವಲತೆಯ ವ್ಯತ್ಯಾಸವನ್ನು ಅವಲಂಬಿಸಿದೆ. ಬಣ್ಣವನ್ನು ಗ್ರಹಿಸುವ ವ್ಯವಸ್ಥೆ ಬಹುಮಟ್ಟಿಗೆ ಬೇರೆ. ಎರಡನೆಯದಕ್ಕೆ ಸೂರ್ಯ ಢಾಳಾಗಿ ಕಾಣುತ್ತಾನೆ, ಮೊದಲನೆಯದಕ್ಕೆ ಕಾಣುವುದೇ ಇಲ್ಲ. ಹೀಗಾಗಿ ಆ ಬಿಲ್ಲೆ ಒಂದೆಡೆ ನಿಲ್ಲದೆ ಮಿಡಿಯುತ್ತಿರುವಂತೆ ತೋರುತ್ತದೆ ಎಂಬುದು ಅವರ ವಿವರಣೆ. ಹೆಚ್ಚು ಬೆಳಕನ್ನು ತೋರಿಸಲಾಗದ ಕಡೆ ಮೋನೆ ಬಣ್ಣದ ಅಂತರವನ್ನು ಹೂಡಿ ಕೆಲಸ ಸಾಧಿಸಿದ್ದಾನೆ.

ಈ ಚಿತ್ರ ಬರಿಯ ಕಲ್ಪನೆಯೇ? ಟೆಕ್ಸಸ್‌ನ ಖಗೋಳವಿಜ್ಞಾನಿ ಡೊನಾಲ್ಡ್ ಓಲ್ಸನ್ ಅವರು ಹಳೆಯ ನಕ್ಷೆ ಮತ್ತು ಛಾಯಾಚಿತ್ರಗಳಿಂದ ಮೋನೆಯ ಹೋಟೆಲ್ ಕಿಟಕಿಯ ದಿಕ್ಕನ್ನು ಗೊತ್ತುಮಾಡಿಕೊಂಡು, ಸೂರ್ಯನ ಸ್ಥಾನವನ್ನು ಲೆಕ್ಕಹಾಕಿದರು. ದೊಡ್ಡ ಹಡಗುಗಳು ಬಂದರಿನೊಳಕ್ಕೆ ಬರಲು ಉಬ್ಬರವಿಳಿತದ ಸಮಯ ಸರಿಹೊಂದಬೇಕು. ಹೊಗೆ ವಾಲಿದ ದಿಕ್ಕು ಗಾಳಿಯ ದಿಕ್ಕನ್ನು ಹೇಳುತ್ತದೆ. ಇವುಗಳನ್ನು ಅಂದಿನ ಹವಾಮಾನ ವರದಿಗಳೊಡನೆ ತಾಳೆ ನೋಡಿದಾಗ, ಸಹಿಯ ಪಕ್ಕದಲ್ಲಿರುವ '72' ಎಂಬ ವರ್ಷಕ್ಕೆ ಹೊಂದುವ ದಿನ 1872ರ ನವೆಂಬರ್ 13, ಬೆಳಗಿನ ಸುಮಾರು 7 ಗಂಟೆ 35 ನಿಮಿಷ ಎಂದು 2014ರಲ್ಲಿ ತೀರ್ಮಾನಿಸಲಾಯಿತು.

ಹೊಲದಲ್ಲಿ, ಬೀದಿಯಲ್ಲಿ ಮನುಷ್ಯ

1874ರ ಪ್ರದರ್ಶನದಲ್ಲಿ ಪಿಸಾರೊನ 'ಬಿಳಿ ಇಬ್ಬನಿ' ಎಂಬ ಚಿತ್ರವೂ ಇತ್ತು. ಉತ್ತ ಹೊಲ, ಉಳುಮೆಯ ಸಾಲುಗಳ ಮೇಲೆ ಹೆಪ್ಪುಗಟ್ಟಿದ ಇಬ್ಬನಿ, ಬೆನ್ನ ಮೇಲೆ ಸೌದೆ ಹೊರೆ ಹೊತ್ತು ನಡೆಯುವ ಒಬ್ಬ ರೈತ. ಹೊಲಕ್ಕೆ ಅಡ್ಡವಾಗಿ ಮರಗಳ ಉದ್ದನೆಯ ನೆರಳುಗಳು ಬಿದ್ದಿವೆ. ಆದರೆ ಆ ಮರಗಳು ಚಿತ್ರದೊಳಗೆ ಇಲ್ಲ. ಚೌಕಟ್ಟಿನ ಹೊರಗಿನ ಮರಗಳ ನೆರಳನ್ನು ತಂದು ಹಾಕಿದ್ದು ತಪ್ಪೆಂದು ಕಾಸ್ತಾನ್ಯಾರಿ ಎಂಬ ವಿಮರ್ಶಕ ಆಕ್ಷೇಪಿಸಿದ. ಪಿಸಾರೊ ತಾನು ನಿಂತ ಜಾಗದಿಂದ ಕಂಡದ್ದನ್ನು ಬರೆದಿದ್ದ. ಆ ರೈತ ಈ ಚಿತ್ರದ ನಾಯಕನೂ ಅಲ್ಲ, ಅಲಂಕಾರವೂ ಅಲ್ಲ. ಮಣ್ಣಿನ ಸಾಲಿನ ಮೇಲೆ ಬಿದ್ದ ಬೆಳಕೇ ಅವನ ಮೇಲೂ ಬಿದ್ದಿದೆ.

ಅದೇ ಪ್ರದರ್ಶನದಲ್ಲಿ ಮೋನೆಯ ಪ್ಯಾರಿಸ್ ಬೀದಿಯ ಚಿತ್ರವೊಂದಿತ್ತು. ಮೇಲಿನ ಮಹಡಿಯಿಂದ ಕಂಡ ಜನಸಂದಣಿ ಅದರಲ್ಲಿ ಕಪ್ಪು ಗೀರುಗಳಾಗಿತ್ತು. ಲರ್ವಾ ಇದನ್ನೂ ಹಾಸ್ಯಮಾಡಿದ. ಆ ಎತ್ತರದಿಂದ, ಆ ಕ್ಷಣದಲ್ಲಿ ಕಣ್ಣಿಗೆ ಕಾಣುವುದು ಅಷ್ಟೇ. 1838ರಲ್ಲಿ ದಾಗೇರ್ ಪ್ಯಾರಿಸ್‌ನ ಇನ್ನೊಂದು ಬೀದಿಯ ಛಾಯಾಚಿತ್ರ ತೆಗೆದಾಗ, ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕಾಗಿದ್ದರಿಂದ ಓಡಾಡುತ್ತಿದ್ದ ಜನರೆಲ್ಲ ಅಳಿಸಿಹೋಗಿ, ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತ ನಿಂತಿದ್ದವನ ಆಕೃತಿ ಮಾತ್ರ ಗುರುತಾಗುವಂತೆ ಉಳಿದಿತ್ತು. ನಡೆಯುವ ಜನರನ್ನು ಗೀರುಗಳಾಗಿ ಹಿಡಿದಿಟ್ಟ ಮೋನೆ ಈ ವಿಚಾರದಲ್ಲಿ ಅಂದಿನ ಕ್ಯಾಮರಾಗಿಂತ ಮುಂದೆ ಹೋಗಿದ್ದ.

ಮನುಷ್ಯರೇ ಇಲ್ಲದ ಚಿತ್ರಗಳಲ್ಲೂ ಅವರ ದುಡಿಮೆ ಇದೆ. 1890-91ರಲ್ಲಿ ಜಿವೆರ್ನಿಯ ತನ್ನ ಮನೆಯ ಬಳಿ ಮೋನೆ ಬಿಡಿಸಿದ ಸರಣಿಯನ್ನು ಇಂಗ್ಲಿಷಿನಲ್ಲಿ 'ಹೇಸ್ಟ್ಯಾಕ್ಸ್' ಎಂದು ಕರೆಯುವ ರೂಢಿಯಿಂದ ಅವು ಹುಲ್ಲಿನ ಬಣವೆಗಳೆಂಬ ತಪ್ಪು ತಿಳಿವಳಿಕೆ ಹಬ್ಬಿದೆ. ಅವು ತೆನೆಸಹಿತ ಗೋಧಿಯ ಸಿವುಡುಗಳ ರಾಶಿ. ನಮ್ಮ ರಾಗಿ ಸೀಮೆಯಲ್ಲಿ ಒಕ್ಕಣೆಗೆ ಮೊದಲು ಒಟ್ಟುವ 'ಮೆದೆ'ಯೇ ಅದಕ್ಕೆ ಸರಿಯಾದ ಪದ. ಒಕ್ಕುವ ಯಂತ್ರ ಊರಿಂದೂರಿಗೆ ತಿರುಗುತ್ತಿದ್ದುದರಿಂದ ಮೆದೆಗಳು ತಿಂಗಳುಗಟ್ಟಲೆ ಕಾಯುತ್ತಿದ್ದವು. ಆ ಅವಧಿಯಲ್ಲಿ ಬಿಸಿಲು, ಮಂಜು, ಹಿಮ, ಸಂಜೆಗೆಂಪು ಎಲ್ಲವೂ ಅವುಗಳ ಮೇಲೆ ಹಾದುಹೋದವು. ಮೋನೆ ಹಲವು ಕ್ಯಾನ್ವಾಸ್‌ಗಳನ್ನು ಜೊತೆಗಿಟ್ಟುಕೊಂಡು, ಬೆಳಕು ಬದಲಾದಂತೆ ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. 25 ಚಿತ್ರಗಳ ಈ ಸರಣಿಯಲ್ಲಿ 15 ಚಿತ್ರಗಳು 1891ರಲ್ಲಿ ಒಟ್ಟಿಗೆ ಪ್ರದರ್ಶನಗೊಂಡವು. ವಸ್ತುವನ್ನು ಸ್ಥಿರವಾಗಿಟ್ಟು ಬೆಳಕೊಂದನ್ನೇ ಬದಲಾಗಲು ಬಿಡುವುದು ಪ್ರಯೋಗಶಾಲೆಯ ಕ್ರಮ ತಾನೆ?

ಹೊಗೆ ಎಂಬ ಮಾಧ್ಯಮ

1877ರಲ್ಲಿ ಮೋನೆ ಪ್ಯಾರಿಸ್‌ನ ಸಾಂ-ಲಜಾರ್ ರೈಲು ನಿಲ್ದಾಣವನ್ನು ಹನ್ನೆರಡು ಬಾರಿ ಚಿತ್ರಿಸಿದ. ಗಾಜಿನ ಛಾವಣಿಯಡಿ ಎಂಜಿನ್ನುಗಳ ಹಬೆ ಮತ್ತು ಹೊಗೆ ಮೋಡಗಳಂತೆ ಏಳುತ್ತವೆ. ಅಲ್ಲಿ ಆತ ಒಂದು ಹೊಸ ನಿಸರ್ಗವನ್ನೇ ಕಂಡ. ಇದರ ತುತ್ತತುದಿ ಲಂಡನ್ನಿನ ಚಿತ್ರಗಳು. 1899, 1900 ಮತ್ತು 1901ರಲ್ಲಿ ಲಂಡನ್ನಿಗೆ ಹೋಗಿ ಥೇಮ್ಸ್ ನದಿ, ಅದರ ಎರಡು ಸೇತುವೆಗಳು, ಪಾರ್ಲಿಮೆಂಟ್ ಭವನ ಇವುಗಳ ಸುಮಾರು ನೂರು ಕ್ಯಾನ್ವಾಸ್‌ಗಳನ್ನು ಆರಂಭಿಸಿದ. ಅವುಗಳಲ್ಲಿ 37 ಚಿತ್ರಗಳು 1904ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನಗೊಂಡವು.

ಆಗಿನ ಲಂಡನ್ನಿನ ಮಂಜು ಬರಿಯ ಮಂಜಾಗಿರಲಿಲ್ಲ. ಮನೆಯ ಒಲೆಗಳಲ್ಲೂ ಕಾರ್ಖಾನೆಗಳಲ್ಲೂ ಉರಿದ ಕಲ್ಲಿದ್ದಲಿನಿಂದ ಮಸಿ ಮತ್ತು ಗಂಧಕದ ಡೈಆಕ್ಸೈಡ್ ಹೊಮ್ಮುತ್ತಿದ್ದವು. ಗಂಧಕದ ಡೈಆಕ್ಸೈಡ್ ಗಾಳಿಯಲ್ಲಿ ಸಲ್ಫೇಟ್ ಕಣಗಳಾಗಿ, ತೇವವನ್ನು ಹೀರಿ ಉಬ್ಬುತ್ತದೆ. ಬೆಳಕಿನ ತರಂಗದೂರಕ್ಕೆ ಸಮೀಪದ ಗಾತ್ರದ ಇಂಥ ಕಣಗಳು ರ‍್ಯಾಲೆಯ ನಿಯಮಕ್ಕೆ ಒಳಪಡುವುದಿಲ್ಲ. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದರಿಸುತ್ತವೆ. ದೂರದ ವಸ್ತುವಿನ ಅಂಚು ಮಸುಕಾಗುತ್ತದೆ, ಇಡೀ ದೃಶ್ಯ ಬೆಳ್ಳಗಾಗುತ್ತದೆ.

2023ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಆನಾ ಲೀ ಆಲ್‌ಬ್ರೈಟ್ ಮತ್ತು ಪೀಟರ್ ಹೈಬರ್ಸ್ ಎಂಬ ವಾತಾವರಣ ವಿಜ್ಞಾನಿಗಳು ಈ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಚಿತ್ರಕಾರ ಟರ್ನರ್ ಮತ್ತು ಮೋನೆಯ ಸುಮಾರು ನೂರು ಚಿತ್ರಗಳಲ್ಲಿ ಅಂಚುಗಳ ಸ್ಪಷ್ಟತೆಯನ್ನೂ ಬಿಳುಪಿನ ಪ್ರಮಾಣವನ್ನೂ ಅವರು ಅಳೆದರು. ಗಂಧಕದ ಡೈಆಕ್ಸೈಡ್ ಹೊರಸೂಸುವಿಕೆ ಏರಿದಂತೆ ಚಿತ್ರಗಳ ಅಂಚುಗಳು ಮಸುಕಾಗಿದ್ದು ಕಂಡುಬಂತು. ಇದು ಶೈಲಿಯ ಬೆಳವಣಿಗೆಯೂ ಆಗಿರಬಹುದಲ್ಲ ಎಂಬ ಪ್ರಶ್ನೆ ಸಹಜ. ಲಂಡನ್ನಿನ ಅನೇಕ ಚಿತ್ರಗಳನ್ನು ಮೋನೆ ಊರಿಗೆ ಮರಳಿದ ಮೇಲೆ ಪೂರ್ಣಗೊಳಿಸಿದ್ದೂ ನಿಜ. ಚಿತ್ರವನ್ನು ಅಳತೆಯ ಉಪಕರಣವೆಂದು ನಂಬಲಾಗದು. ಆದರೂ 2006ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ಪಾರ್ಲಿಮೆಂಟ್ ಚಿತ್ರಗಳಲ್ಲಿನ ಸೂರ್ಯನ ಸ್ಥಾನವನ್ನು ಲೆಕ್ಕಹಾಕಿದಾಗ, ಅದು ಮೋನೆಯ ಕಾಗದಗಳಲ್ಲಿನ ದಿನಗಳಿಗೆ ಹೊಂದಿಕೊಂಡಿತು. ಈ ಚಿತ್ರಗಳ ತಳಪಾಯ ವೀಕ್ಷಣೆಯೇ.

1900ರ ಮಾರ್ಚಿನ ಒಂದು ಭಾನುವಾರ ಮೋನೆ ಹೆಂಡತಿ ಆಲಿಸ್‌ಗೆ ಬರೆದ ಕಾಗದ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಬೆಳಗ್ಗೆ ಎದ್ದಾಗ ಮಂಜಿನ ಸುಳಿವೇ ಇಲ್ಲದ್ದನ್ನು ಕಂಡು ತನ್ನ ಚಿತ್ರಗಳೆಲ್ಲ ಹಾಳಾದವೆಂದು ಆತ ಕಂಗಾಲಾದ. ಆಮೇಲೆ ಒಲೆಗಳು ಹೊತ್ತಿ, ಹೊಗೆ ಎದ್ದು, ಮಬ್ಬು ಮರಳಿದಾಗಲೇ ಸಮಾಧಾನವಾಯಿತು. ಅವನಿಗೆ ಬೇಕಾದ ಬೆಳಕನ್ನು ಕೊಟ್ಟ ಆ ಮಬ್ಬನ್ನು ಲಂಡನ್ನಿನ ಜನ ಉಸಿರಾಡುತ್ತಿದ್ದರು. 1952ರ ಡಿಸೆಂಬರಿನಲ್ಲಿ ಅದೇ ಬಗೆಯ ಹೊಗೆಮಂಜು ಐದು ದಿನ ನಗರದ ಮೇಲೆ ಕವಿದಾಗ ಸುಮಾರು 4,000 ಜನ ಸತ್ತರೆಂದು ಆಗ ಅಂದಾಜು ಮಾಡಲಾಯಿತು. ಮುಂದಿನ ಅಂದಾಜುಗಳು ಇನ್ನೂ ಹೆಚ್ಚು. 1956ರಲ್ಲಿ ಬ್ರಿಟನ್ನಿನಲ್ಲಿ ಶುದ್ಧಗಾಳಿ ಕಾಯಿದೆ ಬಂತು. ಆ ಚಿತ್ರಗಳ ಸೊಬಗನ್ನು ಮೆಚ್ಚುವಾಗ ಈ ಲೆಕ್ಕವನ್ನೂ ನೆನಪಿಡಬೇಕು.

ನೋಡುವ ಕಣ್ಣು

ಬೆಳಕಿನ ದಾರಿಯ ಕೊನೆಯಲ್ಲಿರುವುದು ಕಣ್ಣು. 1912ರಲ್ಲಿ ಮೋನೆಯ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆಯುತ್ತಿರುವುದು ವೈದ್ಯರಿಗೆ ಖಚಿತವಾಯಿತು. ಪೊರೆ ಬಂದ ಮಸೂರ ಹಳದಿ-ಕಂದಾಗಿ ನೀಲಿ, ನೇರಳೆ ಬೆಳಕನ್ನು ಹೀರುತ್ತದೆ. ಆ ನಂತರದ ವರ್ಷಗಳಲ್ಲಿ ಆತ ತನ್ನ ಕೊಳದ ಮೇಲಿನ ಸೇತುವೆಯನ್ನು ಮತ್ತೆ ಮತ್ತೆ ಚಿತ್ರಿಸಿದ. ಹಿಂದೆ ನೀಲಿ-ಹಸಿರಾಗಿದ್ದ ಅದು ಈಗ ಕಡುಗೆಂಪು, ಕಂದು ಬಣ್ಣಗಳ ಗೋಜಲಾಯಿತು. 1923ರಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆ ನಡೆದು ಮಸೂರವನ್ನು ತೆಗೆದಾಗ, ಎಲ್ಲವೂ ಅತಿ ನೀಲಿಯಾಗಿ ಕಾಣುತ್ತದೆಂದು ದೂರಿದ. ಬಣ್ಣದ ಕನ್ನಡಕಗಳನ್ನು ಪ್ರಯತ್ನಿಸಿ ಮತ್ತೆ ಕೆಲಸಕ್ಕೆ ಕುಳಿತ. 1926ರಲ್ಲಿ ತೀರಿಕೊಳ್ಳುವವರೆಗೂ ತಾವರೆಕೊಳದ ಬೃಹತ್ ಚಿತ್ರಗಳನ್ನು ತಿದ್ದುತ್ತಿದ್ದ. ಅವು 1927ರಲ್ಲಿ ಪ್ಯಾರಿಸ್‌ನ ಓರಾಂಜ್ರಿ ಭವನದಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡವು.

ಹೀಗೆ ಈ ನಿಸರ್ಗಚಿತ್ರಗಳಲ್ಲಿ ಮನುಷ್ಯ ಮೂರು ಬಗೆಯಲ್ಲಿ ಇದ್ದಾನೆ: ಬೆಳಕು ಬಿದ್ದ ಹೊಲದಲ್ಲಿ ದುಡಿಯುವವನಾಗಿ, ಬೆಳಕು ಹಾದುಬರುವ ಗಾಳಿಯಲ್ಲಿ ಹೊಗೆಯಾಗಿ, ಬೆಳಕು ಬಂದು ಸೇರುವ ಕಣ್ಣಾಗಿ.

ಶಿಕ್ಷಕರು ತರಗತಿಯಲ್ಲಿ ಮಾಡಿಸಬಹುದಾದ ಎರಡು ಸರಳ ಚಟುವಟಿಕೆಗಳಿವೆ. ನಿರಭ್ರ ದಿನದ ಬೆಳಗ್ಗೆ ಅಂಗಳದಲ್ಲಿ ಬಿಳಿ ಹಾಳೆ ಹರಡಿ, ಅದರ ಮೇಲೆ ಕೋಲಿನ ನೆರಳು ಬೀಳಿಸಿ. ಕಪ್ಪು ಕಾಗದ ಸುತ್ತಿದ ಕೊಳವೆಯ ಮೂಲಕ ಮೊದಲು ಬಿಸಿಲು ಬಿದ್ದ ಭಾಗವನ್ನೂ ಬಳಿಕ ನೆರಳನ್ನೂ ನೋಡಲು ಹೇಳಿ. ನೆರಳಿನ ನೀಲಿ ಗೋಚರಿಸುತ್ತದೆ. ಎರಡನೆಯದಾಗಿ, ಶಾಲೆಯಿಂದ ಕಾಣುವ ದೂರದ ಗುಡ್ಡವನ್ನೋ ನೀರಿನ ಟ್ಯಾಂಕನ್ನೋ ಆರಿಸಿಕೊಂಡು, ಒಂದೇ ಜಾಗದಿಂದ ಒಂದೇ ಹೊತ್ತಿನಲ್ಲಿ ವರ್ಷವಿಡೀ ವಾರಕ್ಕೊಮ್ಮೆ ಅದರ ಬಣ್ಣವನ್ನೂ ಅಂಚಿನ ಸ್ಪಷ್ಟತೆಯನ್ನೂ ಬಣ್ಣದ ಪೆನ್ಸಿಲಿನಲ್ಲಿ ದಾಖಲಿಸಲಿ. ಮಳೆ ಬಂದ ಮರುದಿನದ ಹಾಳೆಯನ್ನೂ ಹೊಲದಲ್ಲಿ ಕಸ ಸುಡುವ ಕಾಲದ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ, ತಮ್ಮ ಊರಿನ ಗಾಳಿಯಲ್ಲಿ ಏನು ಬೆರೆತಿದೆ ಎಂದು ಮಕ್ಕಳೇ ಕೇಳತೊಡಗುತ್ತಾರೆ.